ಕಾಡಿನ ಧ್ಯಾನ ಶಿಬಿರ: ಸುಮ್ಮನೆ ಕೂರಿಸಿದ್ದಕ್ಕೆ ಪೂರ್ತಿ ಅಂಕ, ಗುರಿ ಬರೆಸಿದ್ದಕ್ಕೆ ಇಲ್ಲ

ಕಾಡಿನೊಳಗೆ ಕೂರಿಸಿ ಧ್ಯಾನ ಕಲಿಸುವ ವಸತಿ ಶಿಬಿರವೊಂದಕ್ಕೆ ಹೋಗಿ ಬಂದೆ. ಚಿತ್ರ ಬರೆಯುವುದು ನನ್ನ ಕಸುಬು, ಹೆಚ್ಚಾಗಿ ಮಕ್ಕಳ ಪುಸ್ತಕಗಳಿಗೆ. ಹಾಗಾಗಿ ಈ ವಿಮರ್ಶೆಯನ್ನು ಬರೆಯುವವರು, ಹಾಡುವವರು, ನೇಯುವವರು, ಕೆತ್ತುವವರು, ಒಟ್ಟಿನಲ್ಲಿ ಏನನ್ನಾದರೂ ಹೊಸದಾಗಿ ಮಾಡುವ ಕೆಲಸದಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಬರೀ ವಿಶ್ರಾಂತಿ ಬೇಕೆನ್ನುವವರಿಗೂ ಅದು ಅಲ್ಲಿ ಸಿಗುತ್ತದೆ, ಆದರೆ ಅದಕ್ಕೆ ಇಷ್ಟೆಲ್ಲ ಶಿಸ್ತು ಬೇಕಿಲ್ಲ.

ಈ ಶಿಬಿರದಲ್ಲಿ ಒಂದು ನಿಯಮವಿದೆ. ಆ ಒಂದು ನಿಯಮಕ್ಕಾಗಿಯೇ ನಾನು ಇನ್ನೊಮ್ಮೆ ಹೋಗಬಲ್ಲೆ. ಕೂತಿರುವಷ್ಟು ಹೊತ್ತು ಪುಸ್ತಕ, ಪೆನ್ಸಿಲ್ ಮುಟ್ಟುವ ಹಾಗಿಲ್ಲ. ಎದ್ದು ಬಂದ ಮೇಲೆ ಹತ್ತು ನಿಮಿಷ ಕೊಡುತ್ತಾರೆ, ಆಗ ಏನು ಬೇಕಾದರೂ ಬರೆದುಕೊಳ್ಳಬಹುದು. ಅಷ್ಟೇ ಹೊತ್ತು, ಆಮೇಲೆ ಪುಸ್ತಕ ಮುಚ್ಚಿಡಬೇಕು. ಮೊದಲ ದಿನ ಇದು ನನಗೆ ಹಿಂಸೆಯಾಗಿತ್ತು. ಕಣ್ಣೆದುರು ಬೆಳಕು ಎಲೆಯಿಂದ ಎಲೆಗೆ ಇಳಿಯುತ್ತಿದೆ, ಕೈ ಸುಮ್ಮನಿರಬೇಕು ಎಂದರೆ! ಮಾರ್ಗದರ್ಶಕಿಯನ್ನು ಕೇಳಿಯೇಬಿಟ್ಟೆ, ಒಂದು ಗೆರೆ ಎಳೆದುಕೊಂಡರೆ ಏನಾಗುತ್ತದೆ ಅಂತ. "ಈಗ ನೋಡಿ. ಬರೆಯೋದು ಆಮೇಲೆ ಇದ್ದೇ ಇದೆ" ಎಂದರು. ಬೇರೆ ವಿವರಣೆ ಕೊಡಲಿಲ್ಲ.

ಈ ನಿಯಮದ ಬೆಲೆ ತಿಳಿಯಲು ಉಳಿದ ದಿನಚರಿಯನ್ನೂ ಸ್ವಲ್ಪ ಹೇಳಬೇಕು. ಗೇಟಿನ ಹತ್ತಿರವೇ ಫೋನ್ ತೆಗೆದಿಟ್ಟುಕೊಳ್ಳುತ್ತಾರೆ, ಹಿಂತಿರುಗುವಾಗ ಕೊಡುತ್ತಾರೆ. ಬೆಳಿಗ್ಗೆ ತೊರೆಯ ಪಕ್ಕ ಎಲ್ಲರೂ ಒಟ್ಟಿಗೆ ಕೂತು ಉಸಿರಿನ ಮೇಲೆ ಗಮನ. ಮಧ್ಯಾಹ್ನ ಒಬ್ಬೊಬ್ಬರೂ ತಾವು ಆರಿಸಿಕೊಂಡ ಜಾಗಕ್ಕೆ ಹೋಗಿ ಕಣ್ಣು ತೆರೆದೇ ಕೂರುವುದು. ಆಗ ಯಾವುದಕ್ಕೂ ಅಂಟಿಕೊಳ್ಳದೆ, ಶಬ್ದ ಬಂದರೆ ಶಬ್ದ, ನೆನಪು ಬಂದರೆ ನೆನಪು ಎಂದು ಬಂದದ್ದನ್ನು ಬರಲು ಬಿಡಬೇಕು. ನಡುವೆ ತೀರಾ ನಿಧಾನದ ನಡಿಗೆ. ಸಂಜೆ ಮಾತುಕತೆ. ಆರಿಸಿಕೊಂಡ ಜಾಗವನ್ನು ಶಿಬಿರ ಮುಗಿಯುವವರೆಗೂ ಬದಲಾಯಿಸುವಂತಿಲ್ಲ.

ನಾನು ಆರಿಸಿಕೊಂಡದ್ದು ಬಿದ್ದ ಮರವೊಂದರ ಬದಿ. ಆರಿಸಿದ್ದಕ್ಕೆ ದೊಡ್ಡ ಕಾರಣವೇನಿಲ್ಲ, ಬೆನ್ನಿಗೆ ಆಸರೆ ಸಿಗುತ್ತಿತ್ತು. ಬೇರೆಯವರು ಬಂಡೆಯ ನೆತ್ತಿ, ನೀರಿನ ಅಂಚು, ದೂರದ ಗುಡ್ಡ ಕಾಣುವ ತೆರಪು ಹುಡುಕಿಕೊಂಡು ಹೋದರು. ನನ್ನ ಜಾಗದಲ್ಲಿ ನೋಟವೇ ಇರಲಿಲ್ಲ. ಎದುರಿಗೆ ಕೊಳೆಯುತ್ತಿರುವ ಕಾಂಡ, ಅದರ ಮೇಲೆ ಪಾಚಿ, ಬುಡದಲ್ಲಿ ತರಗೆಲೆ. ಮೊದಲ ಸಲ ಕೂತಾಗ ಅಲ್ಲಿ ನೋಡಲು ಏನೂ ಇಲ್ಲ ಅನ್ನಿಸಿತು. ಆಮೇಲೆ ಆಮೇಲೆ ಆ ಕಾಂಡದ ಒಂದು ಮೊಳದಷ್ಟು ಭಾಗವೇ ನನಗೆ ಹೆಚ್ಚಾಗತೊಡಗಿತು. ಪಾಚಿಗೆ ಬೇರಿಲ್ಲ, ಹಸಿಯನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಹಾಗಾಗಿ ಬೆಳಗಿನ ಇಬ್ಬನಿಯಲ್ಲಿ ಉಬ್ಬಿ ನಿಂತಿದ್ದ ಹಸಿರು ಮಧ್ಯಾಹ್ನದ ಬಿಸಿಲಿಗೆ ಮುದುಡಿ ಬಣ್ಣ ಕಳೆದುಕೊಂಡಿರುತ್ತಿತ್ತು. ಒಂದೇ ಜಾಗವನ್ನು ಬೇರೆಬೇರೆ ಹೊತ್ತಿನಲ್ಲಿ ನೋಡದಿದ್ದರೆ ಅದು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ತೊಗಟೆ ಬಿರಿದಲ್ಲಿ ಬಿಳಿಯ ಎಳೆಗಳು ಜಾಲದಂತೆ ಹರಡಿದ್ದವು. ಅಣಬೆಯ ನಿಜವಾದ ದೇಹ ಅದೇ, ನಾವು ಹೊರಗೆ ನೋಡುವ ಕೊಡೆ ಅದರ ಫಲ ಮಾತ್ರ. ಮರವನ್ನು ಗಟ್ಟಿಯಾಗಿಸುವ ಲಿಗ್ನಿನ್ ಎಂಬ ವಸ್ತುವನ್ನು ಪೂರ್ತಿಯಾಗಿ ಒಡೆಯಬಲ್ಲ ಜೀವಿಗಳು ಬಹಳ ಕಡಿಮೆ. ಬಿಳಿ ಕೊಳೆತ ತರುವ ಶಿಲೀಂಧ್ರಗಳು ಆ ಕೆಲಸ ಮಾಡುತ್ತವೆ. ಮುಟ್ಟಿದರೆ ಉಂಡೆಯಾಗುವ ಬೂದು ಬಣ್ಣದ ಪುಟ್ಟ ಜೀವಿಗಳೂ ಅಲ್ಲಿದ್ದವು. ನೋಡಲು ಹುಳುವಿನಂತಿದ್ದರೂ ಅವು ಏಡಿ, ಸೀಗಡಿಗಳ ನೆಂಟರು. ಉಸಿರಾಡಲು ಹಸಿ ಬೇಕಾದ್ದರಿಂದ ಬಿಸಿಲಿಗೆ ಹೊರಬರುವುದು ಕಡಿಮೆ. ಈ ಹೆಸರುಗಳು, ಕಾರಣಗಳೆಲ್ಲ ನನಗೆ ಗೊತ್ತಾದದ್ದು ಮನೆಗೆ ಬಂದು ಓದಿದ ಮೇಲೆ. ಅಲ್ಲಿ ಕೂತಾಗ ಗೊತ್ತಿದ್ದದ್ದು ಅವುಗಳ ನಡಿಗೆ, ಬಣ್ಣ, ಅವು ಹೊರಬರುವ ಹೊತ್ತು.

ಎದ್ದ ಮೇಲಿನ ಹತ್ತು ನಿಮಿಷದ ವಿಷಯಕ್ಕೆ ಬರುತ್ತೇನೆ. ಗಂಟೆಗಟ್ಟಲೆ ನೋಡಿದ್ದರಲ್ಲಿ ಬಹುಪಾಲು ಆ ಹೊತ್ತಿಗೆ ಹೋಗಿಬಿಟ್ಟಿರುತ್ತದೆ. ಸುಂದರವೆಂದು ಕಂಡ ಬೆಳಕು ಹೋಗಿರುತ್ತದೆ. ಹೊಳೆದಿದ್ದ 'ಒಳ್ಳೆಯ ಐಡಿಯಾ'ಗಳು ಹೋಗಿರುತ್ತವೆ. ಉಳಿಯುವುದು ಒಂದೋ ಎರಡೋ. ನನ್ನ ಪುಟಗಳನ್ನು ತಿರುವಿ ಹಾಕಿದಾಗ ಕಂಡದ್ದೇನೆಂದರೆ, ಪ್ರತಿ ಸಲವೂ ಉಳಿದಿದ್ದದ್ದು ಒಂದು ಇನ್ನೊಂದನ್ನು ಕೂಡುವ ಜಾಗ. ಪಾಚಿ ತೊಗಟೆಯನ್ನು ಹಿಡಿದ ಅಂಚು, ಬೇರು ಕಲ್ಲನ್ನು ಸುತ್ತಿದ ತಿರುವು, ಇರುವೆ ಸಾಲು ಸತ್ತ ಎಲೆಯನ್ನು ದಾಟುವ ಮಡಿಕೆ. ಇಷ್ಟು ವರ್ಷ ನಾನು ಬರೆದದ್ದೆಲ್ಲ ಬಿಳಿ ಹಾಳೆಯ ನಡುವೆ ಒಂಟಿಯಾಗಿ ನಿಂತ ಪ್ರಾಣಿಗಳು: ಒಂದು ಪುಟದಲ್ಲಿ ಆನೆ, ಇನ್ನೊಂದು ಪುಟದಲ್ಲಿ ಮೊಲ. ಕೇಳಿದವರು ಹಾಗೆ ಕೇಳುತ್ತಿದ್ದರು, ನಾನು ಹಾಗೆ ಕೊಡುತ್ತಿದ್ದೆ. ನನ್ನ ಕಣ್ಣು ಮಾತ್ರ ಬೇರೆಯದನ್ನೇ ಹಿಡಿದಿಟ್ಟುಕೊಳ್ಳುತ್ತಿತ್ತು ಎಂಬುದನ್ನು ಆ ಸಣ್ಣ ಪುಸ್ತಕ ತೋರಿಸಿತು. ಕೂತಿದ್ದಾಗಲೇ ಪೆನ್ಸಿಲ್ ಹಿಡಿದಿದ್ದರೆ ಬೆಳಕನ್ನೇ ಬರೆಯುತ್ತಿದ್ದೆ, ಚೆನ್ನಾಗಿಯೇ ಬರೆಯುತ್ತಿದ್ದೆ, ಮತ್ತು ಇದು ತಿಳಿಯುತ್ತಲೇ ಇರಲಿಲ್ಲ. ಈಗ ಒಂದೇ ಒಂದು ಬಿದ್ದ ಮರದ ಮೇಲೆ, ಅದರ ಒಳಗೆ ಮತ್ತು ಕೆಳಗೆ ಬದುಕುವವರ ಚಿತ್ರಪುಸ್ತಕ ಬರೆಯಲು ಕೂತಿದ್ದೇನೆ. ಯಾರೂ ಕೇಳಿಲ್ಲದ ಪುಸ್ತಕ. ಇದನ್ನು ಮಾಡಬೇಕು ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ.

ಊಟದ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಫಲಕ: ನಿಸರ್ಗದಲ್ಲಿದ್ದರೆ ಸೃಜನಶೀಲತೆ ಶೇ. 50 ಹೆಚ್ಚುತ್ತದೆ ಎಂದು. ಇದನ್ನು ಸರಿಯಾಗಿ ಹೇಳುವುದು ಮುಖ್ಯ. ಈ ಅಂಕಿ 2012ರ ಒಂದು ಅಮೆರಿಕನ್ ಅಧ್ಯಯನದ್ದು. 56 ಜನ ಕಾಡುಮೇಡಿನಲ್ಲಿ ಹಲವು ದಿನ ಚಾರಣ ಮಾಡಿದರು, ಬಳಿ ಫೋನ್, ಕಂಪ್ಯೂಟರ್ ಯಾವುದೂ ಇರಲಿಲ್ಲ. ಮೂರು ಪದ ಕೊಟ್ಟು ಅವನ್ನು ಬೆಸೆಯುವ ನಾಲ್ಕನೆಯದನ್ನು ಹುಡುಕುವ ಪರೀಕ್ಷೆಯಲ್ಲಿ, ನಾಲ್ಕು ದಿನ ಕಳೆದಿದ್ದವರು ಹೊರಡುವ ಮುನ್ನ ಬರೆದವರಿಗಿಂತ ಅರ್ಧದಷ್ಟು ಹೆಚ್ಚು ಅಂಕ ಪಡೆದರು. ಅವರು ಧ್ಯಾನ ಮಾಡುತ್ತಿರಲಿಲ್ಲ, ನಡೆಯುತ್ತಿದ್ದರು. ಹೆಚ್ಚಿದ್ದಕ್ಕೆ ಕಾರಣ ಕಾಡೋ, ಫೋನಿಲ್ಲದಿರುವುದೋ, ಎರಡೂ ಸೇರಿಯೋ ಎಂದು ಬೇರ್ಪಡಿಸಲಾಗದು ಎಂದು ಸಂಶೋಧಕರೇ ಬರೆದಿದ್ದಾರೆ. ಹಾಗಾಗಿ ಗೇಟಿನಲ್ಲಿ ಫೋನ್ ಇಸಿದುಕೊಳ್ಳುವುದನ್ನು ಬರೀ ಕಟ್ಟುನಿಟ್ಟು ಎಂದು ನಾನು ಎಣಿಸುವುದಿಲ್ಲ. ಆ ಫಲಕದ ಮಾತಿನಲ್ಲಿರುವ ಸತ್ಯದ ಅರ್ಧ ಭಾಗ ಗೇಟಿನಲ್ಲಿ ಫೋನ್ ಇಟ್ಟ ಪೆಟ್ಟಿಗೆಯಲ್ಲೇ ಇರಬಹುದು.

ನನಗೆ ಅದಕ್ಕಿಂತ ಹೊಂದಿಕೆಯಾದದ್ದು ಅದೇ ವರ್ಷ ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನ. ಧ್ಯಾನದಲ್ಲಿ ಪಳಗಿದ ಒಂದು ಸಣ್ಣ ಗುಂಪಿನಲ್ಲಿ, ಬಂದದ್ದನ್ನೆಲ್ಲ ಬರಲು ಬಿಡುವ ತೆರೆದ ಧ್ಯಾನದ ನಂತರ ಒಂದು ಪ್ರಶ್ನೆಗೆ ಹಲವು ದಾರಿ ಹುಡುಕುವ ಯೋಚನೆ ಚುರುಕಾಯಿತು. ಒಂದೇ ಬಿಂದುವಿನ ಮೇಲೆ ಮನಸ್ಸಿಡುವ ಧ್ಯಾನದಿಂದ ಹಾಗಾಗಲಿಲ್ಲ. ನನ್ನ ಪುಸ್ತಕದಲ್ಲೂ ಬೆಳಗಿನ ಪುಟಗಳು ಬಹುತೇಕ ಖಾಲಿ, ಮಧ್ಯಾಹ್ನದವು ತುಂಬಿವೆ. ಹಾಗೆಂದು ಬೆಳಗಿನದನ್ನು ಬಿಡಿ ಎನ್ನಲಾರೆ. ಉಸಿರಿನ ಮೇಲೆ ಒಂದಿಷ್ಟು ಹೊತ್ತು ನಿಲ್ಲದ ಮನಸ್ಸು ಮಧ್ಯಾಹ್ನ ತೆರೆದು ಕೂರುವ ಬದಲು ಅಲೆಯಲು ಹೊರಡುತ್ತದೆ. ಒಂದು ಬೆಳಿಗ್ಗೆ ತಡವಾಗಿ ಎದ್ದವರೊಬ್ಬರು ನೇರ ಮಧ್ಯಾಹ್ನಕ್ಕೆ ಬಂದು, ಹೊತ್ತೆಲ್ಲ ಮನೆಯ ಲೆಕ್ಕಾಚಾರದಲ್ಲೇ ಕಳೆಯಿತು ಎಂದು ಸಂಜೆ ಹೇಳಿಕೊಂಡರು.

ಕಾಡಿನಲ್ಲೇ ಏಕೆ, ಕೋಣೆಯಲ್ಲಿ ಸಾಲದೇ ಎಂದು ಅನೇಕರು ಕೇಳುತ್ತಾರೆ. ಮನಃಶಾಸ್ತ್ರಜ್ಞರಾದ ರೇಚಲ್ ಕ್ಯಾಪ್ಲನ್ ಮತ್ತು ಸ್ಟೀಫನ್ ಕ್ಯಾಪ್ಲನ್ 1989ರಲ್ಲಿ ಕೊಟ್ಟ ವಿವರಣೆ ನನ್ನ ಅನುಭವಕ್ಕೆ ಸರಿಯಾಗಿ ಕೂರುತ್ತದೆ. ಪ್ರಯತ್ನಪಟ್ಟು ಹಿಡಿದಿಡುವ ಗಮನ ದಣಿಯುತ್ತದೆ. ಮೋಡ, ಎಲೆಯ ಅಲುಗಾಟ, ಹರಿವ ನೀರು ಗಮನವನ್ನು ಬಲವಂತವಿಲ್ಲದೆ ಸೆಳೆದುಕೊಳ್ಳುವುದರಿಂದ ದಣಿದದ್ದು ಸುಧಾರಿಸಿಕೊಳ್ಳುತ್ತದೆ. ಶ್ವೇತಾಶ್ವತರ ಉಪನಿಷತ್ತಿನ ಎರಡನೆಯ ಅಧ್ಯಾಯ ಯೋಗಕ್ಕೆ ಕೂರುವ ಜಾಗ ಹೇಗಿರಬೇಕೆಂದು ಬಹಳ ವ್ಯಾವಹಾರಿಕವಾಗಿ ಹೇಳುತ್ತದೆ: ಸಮನಾಗಿರಬೇಕು, ಚೊಕ್ಕಟವಾಗಿರಬೇಕು, ಕಲ್ಲುಹರಳು, ಬೆಂಕಿ, ಮರಳು ಇರಬಾರದು, ಗಾಳಿಯ ಹೊಡೆತಕ್ಕೆ ಮರೆಯಿರಬೇಕು, ಮನಸ್ಸಿಗೆ ಹಿತವಾಗಿರಬೇಕು, ಕಣ್ಣಿಗೆ ಹಿಂಸೆಯಾಗಬಾರದು. ಇದನ್ನು ಶಿಬಿರದವರು ಓದಿದ್ದರೆ ತೊರೆಯ ಪಕ್ಕದ ಬೆಳಗಿನ ಜಾಗಕ್ಕೆ ಜಲ್ಲಿ ಹಾಸುತ್ತಿರಲಿಲ್ಲ. ತೆಳು ಚಾಪೆಯೊಳಗಿಂದ ಅದು ಮೊಣಕಾಲಿಗೂ ಕಣಕಾಲಿಗೂ ಒತ್ತುತ್ತದೆ. ಕುಳಿತುಕೊಳ್ಳಲು ಕೊಟ್ಟ ದಿಂಬುಗಳೂ ಚಪ್ಪಟೆ. ಸೊಂಟ ಮೊಣಕಾಲಿಗಿಂತ ಮೇಲಿದ್ದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಅಷ್ಟು ಎತ್ತರ ಅವಕ್ಕಿಲ್ಲ. ನಿಮ್ಮದೇ ದಪ್ಪ ದಿಂಬು ಒಯ್ಯಿರಿ.

ಇನ್ನು ನನಗೆ ಹಿಡಿಸದ್ದು. ನಡಿಗೆಯಲ್ಲಿ ಸಹಾಯಕರೊಬ್ಬರು ಸಣ್ಣ ಸ್ಪೀಕರಿನಲ್ಲಿ ಕೊಳಲು ಹಾಕುತ್ತಿದ್ದರು. ಮರಕುಟಿಗ ಮರ ಕುಟ್ಟುತ್ತಿರುವಾಗ, ಜೀರುಂಡೆಗಳು ಒಮ್ಮೆಲೇ ನಿಂತು ಮತ್ತೆ ಶುರುವಾಗುವಾಗ ಅಲ್ಲಿ ರೆಕಾರ್ಡಿನ ಸಂಗೀತಕ್ಕೆ ಏನು ಕೆಲಸ? ಕೇಳಿಕೊಂಡ ಮೇಲೆ ನಿಲ್ಲಿಸಿದರು, ಅದು ಒಳ್ಳೆಯದಾಯಿತು. ಸಂಜೆಯ ಮಾತುಕತೆಯಲ್ಲಿ ಎಲ್ಲರೂ ಮಾತಾಡಲೇಬೇಕು ಎಂಬ ಒತ್ತಾಯ ಮಾತ್ರ ನಿಲ್ಲಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಕೊನೆಯ ಸಂಜೆ ಕೈಗೆ ಕೊಡುವ ನಮೂನೆ. 'ನನ್ನ ಬದುಕಿನ ಗುರಿ', 'ನನ್ನ ಸೃಜನಶೀಲ ಉದ್ದೇಶ', 'ಮುಂದಿನ ಹೆಜ್ಜೆಗಳು' ಎಂಬ ಖಾನೆಗಳು, ಅರ್ಧ ಗಂಟೆಯಲ್ಲಿ ತುಂಬಿಸಿ ಎಲ್ಲರೆದುರು ಓದಬೇಕು. ಇಷ್ಟು ದಿನ 'ಬರೆಯೋದು ಆಮೇಲೆ' ಎಂದು ಕಲಿಸಿದವರೇ ಮಾಗದ್ದನ್ನು ಕಿತ್ತು ಕೊಡಿ ಎಂದ ಹಾಗಾಯಿತು. ನನ್ನ ಪಕ್ಕದಲ್ಲಿದ್ದ ನಿವೃತ್ತ ಗಣಿತದ ಮೇಷ್ಟರು ಹಾಳೆಯನ್ನು ಖಾಲಿ ಬಿಟ್ಟು ಮಡಿಸಿದರು. "ಏನಮ್ಮಾ, ನಿಮಗೇನಾದರೂ ಬರೆಯೋದಕ್ಕಾಯ್ತಾ?" ಎಂದು ಕೇಳಿದರು. ಇಲ್ಲ ಸರ್ ಅಂದೆ. ಪುಸ್ತಕದ ಯೋಚನೆ ನನಗೆ ಸ್ಪಷ್ಟವಾದದ್ದು ಮನೆಗೆ ಬಂದು ಎಷ್ಟೋ ದಿನದ ಮೇಲೆ, ಆ ಹತ್ತು ನಿಮಿಷದ ಪುಟಗಳನ್ನು ಒಟ್ಟಿಗೆ ಹರಡಿ ನೋಡಿದಾಗ.

ಒಳಗಿನ ಬೆಳವಣಿಗೆ ಎಂಬುದರ ಬಗ್ಗೆ ನಾನು ಹೇಳಬಲ್ಲದ್ದು ಸಣ್ಣದು, ಆದರೆ ನನ್ನ ಪಾಲಿಗೆ ನಿಜವಾದದ್ದು. ನನ್ನ ಜೊತೆಯ ಕಲಾವಿದೆಯೊಬ್ಬರ ಹೆಸರು ಕೇಳಿದರೆ ನನ್ನೊಳಗೆ ಒಂದು ಬಿಗಿತ ಏಳುತ್ತಿತ್ತು. ಮರದ ಪಕ್ಕ ಕೂತಾಗಲೂ ಅವರ ನೆನಪು ಬಂತು, ಬಿಗಿತವೂ ಬಂತು. ಅಲ್ಲಿ ಅದಕ್ಕೆ ಉತ್ತರ ಕೊಡಬೇಕಾಗಿರಲಿಲ್ಲ, ಓಡಿಸಬೇಕಾಗಿಯೂ ಇರಲಿಲ್ಲ. ಎದೆಯಲ್ಲಿ ಎಲ್ಲಿ ಏಳುತ್ತದೆ, ಎಷ್ಟು ಹೊತ್ತು ಇರುತ್ತದೆ, ಹೇಗೆ ಸಡಿಲವಾಗುತ್ತದೆ ಎಂದು ಪಾಚಿಯನ್ನು ನೋಡಿದ ಕಣ್ಣಿನಿಂದಲೇ ನೋಡಿದೆ. ಅದು ಪೂರ್ತಿ ಹೋಗಿಲ್ಲ. ಈಗ ಅವರ ಹೊಸ ಚಿತ್ರಗಳನ್ನು ಬಿಡದೆ ನೋಡುತ್ತೇನೆ, ಮೆಚ್ಚಿದ್ದನ್ನು ಅವರಿಗೇ ಬರೆದು ತಿಳಿಸುತ್ತೇನೆ.

ಎಲ್ಲರಿಗೂ ಈ ಶಿಬಿರ ಆಗಿಬರುವುದಿಲ್ಲ. ದೀರ್ಘ ಮೌನ ಕೆಲವರಲ್ಲಿ ಆತಂಕವನ್ನು ಇಳಿಸುವ ಬದಲು ಏರಿಸುತ್ತದೆ, ಹಳೆಯ ಆಘಾತಗಳನ್ನು ಕೆದಕುತ್ತದೆ. ಇಲ್ಲಿ ಸೇರಿಸಿಕೊಳ್ಳುವ ಮುನ್ನ ಆರೋಗ್ಯದ ಬಗ್ಗೆ ವಿವರವಾಗಿ ಕೇಳುತ್ತಾರೆ, ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳಿ ಬರಲಿ ಎನ್ನುತ್ತಾರೆ, ಕಷ್ಟವಾದರೆ ಯಾವ ಹೊತ್ತಿನಲ್ಲೂ ಎದ್ದು ಬರಬಹುದು ಎಂದು ಮೊದಲೇ ತಿಳಿಸುತ್ತಾರೆ. ಈ ವಿಷಯದಲ್ಲಿ ಅವರ ಮೇಲೆ ನನಗೆ ಗೌರವವಿದೆ.

ಹೋಗಲಾಗದವರಿಗೂ ದಾರಿ ಇದೆ. ಉಸಿರಿನ ಧ್ಯಾನವನ್ನು ಕಲಿಸುವ 'ಆನಾಪಾನಸತಿ ಸುತ್ತ' ಎಂಬ ಉಪದೇಶದಲ್ಲಿ ಬುದ್ಧ ಕೂರಲು ಹೇಳಿದ ಜಾಗಗಳು ಮೂರು: ಕಾಡು, ಮರದ ಬುಡ, ಜನರಿಲ್ಲದ ಮನೆ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದ 2019ರ ಅಧ್ಯಯನವೊಂದರಲ್ಲಿ, ವಾರಕ್ಕೆ ಒಟ್ಟು 120 ನಿಮಿಷವಾದರೂ ನಿಸರ್ಗದಲ್ಲಿ ಕಳೆದವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದು ಹೇಳುವ ಸಂಭವ ಹೆಚ್ಚಿತ್ತು. ಒಂದೇ ಸಲ ಹೋದರೂ ಬಿಡಿಬಿಡಿಯಾಗಿ ಹೋದರೂ ವ್ಯತ್ಯಾಸವಿರಲಿಲ್ಲ. ಇದು ಕಾರಣವನ್ನು ಸಾಬೀತು ಮಾಡುವುದಿಲ್ಲ, ಆದರೆ ಹತ್ತಿರದ ಒಂದು ಮರ ಆರಿಸಿಕೊಳ್ಳಲು ಅಷ್ಟು ಸಾಕು. ಜಾಗ ಬದಲಾಯಿಸಬೇಡಿ, ಫೋನ್ ಒಯ್ಯಬೇಡಿ, ಪುಸ್ತಕವನ್ನು ಎದ್ದ ಮೇಲೆ ತೆರೆಯಿರಿ.

ಇಂಥ ಶಿಬಿರಕ್ಕೆ ಹೆಸರು ಕೊಡುವವರು ಮೊದಲು ಕೆಲವು ವಿಷಯ ಕೇಳಿ ತಿಳಿದುಕೊಳ್ಳಿ. ಒಬ್ಬರೇ ಸುಮ್ಮನೆ ಕೂರುವ ಹೊತ್ತು ದಿನಕ್ಕೆ ಎಷ್ಟು? ಮಾತಾಡದಿರಲು ಅವಕಾಶವಿದೆಯೇ? ಮಳೆ ಬಂದರೆ ಎಲ್ಲಿ ಕೂರಿಸುತ್ತಾರೆ? ಇಂಬಳ (ಜಿಗಣೆ), ಉಣ್ಣಿಗಳಿರುವ ಕಾಡಾದರೆ ಉದ್ದ ಕಾಲುಚೀಲ ಬೇಕೇ? ನಾನು ಹೋದ ಕಡೆ ಕೊನೆಯ ಎರಡನ್ನು ಯಾರೂ ಮೊದಲೇ ಹೇಳಿರಲಿಲ್ಲ, ಎರಡೂ ಬೇಕಾದವು. ಗುರಿ ಬರೆಸುವ ನಮೂನೆ ಇದ್ದರೆ, ಅದನ್ನು ಖಾಲಿ ಮನೆಗೆ ಒಯ್ಯಬಹುದೇ ಎಂದೂ ಕೇಳಿ.