ಪಿಸಿಎಂಸಿ ಓದಿದವರಿಗೆ ಬಿಎಸ್ಸಿ ನರ್ಸಿಂಗ್ ಸೀಟು ಕೊಡಿಸ್ತೀವಿ ಅನ್ನೋರನ್ನ ನಂಬಬೇಡಿ

ಪಿಯುಸಿ ರಿಸಲ್ಟ್ ಬಂದ ಕೂಡಲೇ ಏಜೆಂಟರ ಫೋನು ಶುರುವಾಗುತ್ತೆ. ಮಕ್ಕಳನ್ನ ನರ್ಸಿಂಗ್‌ಗೆ ಸೇರಿಸಬೇಕು ಅಂತಿರೋ ತಂದೆ ತಾಯಿ ದಯವಿಟ್ಟು ಇದನ್ನ ಪೂರ್ತಿ ಓದಿ. ಬಿಎಸ್ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಬಯಾಲಜಿ ಓದಿರಲೇಬೇಕು.

ನಮ್ಮ ಅಕ್ಕನ ಮಗಳು ಓದಿದ್ದು ಪಿಸಿಎಂಸಿ, ಅಂದ್ರೆ ಬಯಾಲಜಿ ಇಲ್ಲ, ಅದರ ಜಾಗದಲ್ಲಿ ಕಂಪ್ಯೂಟರ್ ಸೈನ್ಸ್. ಒಳ್ಳೆ ಮಾರ್ಕ್ಸು. ಮನೆಗೆ ಬಂದ ಏಜೆಂಟ್ ಮಾರ್ಕ್ಸ್ ಕಾರ್ಡ್ ಕೈಗೆ ತಗೊಂಡು ಕೆಳಗಿನ ಟೋಟಲ್ ಮೇಲೆ ಬೆರಳಿಟ್ಟ. ಮೇಲೆ ಸಾಲಾಗಿದ್ದ ಸಬ್ಜೆಕ್ಟ್‌ಗಳ ಕಡೆ ಕಣ್ಣೂ ಹಾಯಿಸಲಿಲ್ಲ. "ಸೈನ್ಸ್ ಓದಿದಾಳಲ್ಲಮ್ಮಾ, ಸಾಕು. ಯೂನಿವರ್ಸಿಟಿ ಕೆಲಸ ಎಲ್ಲ ಕಾಲೇಜಿನವರು ನೋಡ್ಕೋತಾರೆ" ಅಂದ. ಅಕ್ಕ ಹತ್ತನೇ ಕ್ಲಾಸ್ ಓದಿದವಳು, ಕಾಲೇಜಿನವರೇ ಹೂಂ ಅಂದಮೇಲೆ ನಂಬಿದಳು.

ಫೀಸು ಕಟ್ಟಿಸಿಕೊಂಡರು, ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿಸಿ ಇಟ್ಟುಕೊಂಡರು, ಯೂನಿಫಾರ್ಮ್ ಹೊಲಿಸಿದರು. ಹುಡುಗಿ ಅನಾಟಮಿ, ಫಿಸಿಯಾಲಜಿ ಕ್ಲಾಸಿಗೆ ಕೂತು ರಾತ್ರಿಯೆಲ್ಲ ಓದುತ್ತಿದ್ದಳು. ಬಯಾಲಜಿ ಯಾಕೆ ಕೇಳ್ತಾರೆ ಅನ್ನೋದು ಅಲ್ಲೇ ಗೊತ್ತಾಗುತ್ತೆ. ಮೊದಲ ಸೆಮಿಸ್ಟರ್‌ನಲ್ಲೇ ಅವೆರಡೂ ಬರುತ್ತವೆ, ಆಮೇಲೆ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ. ಆದರೂ ಅವಳು ಹಿಂದೆ ಬೀಳಲಿಲ್ಲ. ಅದನ್ನ ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ. ಯಾಕಂದ್ರೆ ಯೂನಿವರ್ಸಿಟಿಯಿಂದ ಅಡ್ಮಿಷನ್ ಅಪ್ರೂವಲ್ ಪಟ್ಟಿ ಬಂದಾಗ ಅವಳ ಹೆಸರೇ ಇರಲಿಲ್ಲ. ಅಪ್ರೂವಲ್ ಇಲ್ಲ ಅಂದ್ರೆ ರಿಜಿಸ್ಟರ್ ನಂಬರ್ ಇಲ್ಲ, ಪರೀಕ್ಷೆಯೂ ಇಲ್ಲ.

ದುಡ್ಡು ವಾಪಸ್ ಕೇಳೋಕೆ ನಾನೂ ಹೋಗಿದ್ದೆ. ರಸೀದಿಯಲ್ಲಿ ಬರೆದಿದ್ದು "ಹಾಸ್ಟೆಲ್ ಮತ್ತು ಇತರೆ" ಅಂತ ಮಾತ್ರ. ಬಿಎಸ್ಸಿ ಅನ್ನೋ ಪದ ಎಲ್ಲೂ ಇಲ್ಲ. ಪೊಲೀಸ್ ಕಂಪ್ಲೇಂಟ್ ಕೊಡ್ತೀವಿ ಅಂದಮೇಲೆ ಮಾರ್ಕ್ಸ್ ಕಾರ್ಡ್ ಕೊಟ್ಟರು, ದುಡ್ಡು ಇನ್ನೂ ಕೊಟ್ಟಿಲ್ಲ. ಏಜೆಂಟ್ ಫೋನ್ ಎತ್ತಲ್ಲ.

ನಿಯಮ ಇಷ್ಟೇ. ಬಿಎಸ್ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಜೊತೆಗೆ ಇಂಗ್ಲಿಷ್ ಪಾಸಾಗಿರಬೇಕು. ಆ ಮೂರು ಸೈನ್ಸ್ ವಿಷಯಗಳಲ್ಲಿ ಸೇರಿ ಶೇ. 45 ಬೇಕು, ಅಂದ್ರೆ 300ಕ್ಕೆ 135. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40. ಭಾಷೆಗಳ ಮಾರ್ಕ್ಸ್ ಸೇರಿಸಿದ ಟೋಟಲ್ ಇಲ್ಲಿ ಲೆಕ್ಕಕ್ಕೆ ಬರಲ್ಲ, ಏಜೆಂಟರು ತೋರಿಸೋದು ಅದನ್ನೇ. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಸರ್ಕಾರಿ ಕೋಟಾದ ಸೀಟಿಗೆ ಸಿಇಟಿ ಬರೆದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕವೇ ಹೋಗಬೇಕು.

ಬಯಾಲಜಿ ಇಲ್ಲದವರಿಗೆ ದಾರಿ ಇಲ್ಲ ಅಂತಲ್ಲ. ಮೂರು ವರ್ಷದ ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾಗೆ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು, ಶೇ. 40 ಮಾರ್ಕ್ಸ್ ಇದ್ದು ಇಂಗ್ಲಿಷ್ ಪಾಸಾಗಿರಬೇಕು. ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. "ಈಗ ಸೇರಿಸಿ, ಬಯಾಲಜಿ ಆಮೇಲೆ ಓಪನ್ ಸ್ಕೂಲಲ್ಲಿ ಬರೆಸೋಣ" ಅಂದ್ರೆ ಮಾತ್ರ ಒಪ್ಪಬೇಡಿ. ಅರ್ಹತೆ ನೋಡೋದು ಸೇರುವಾಗ. ಹಾಗೆ ಬರೆಯೋ ಯೋಚನೆ ಇದ್ದರೆ ಮೊದಲು ನರ್ಸಿಂಗ್ ಕಾಲೇಜುಗಳ ಯೂನಿವರ್ಸಿಟಿ, ಅಂದ್ರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಬರಹದಲ್ಲಿ ಉತ್ತರ ತಗೊಳ್ಳಿ.

ರಸೀದಿಯಲ್ಲಿ ಕೋರ್ಸಿನ ಹೆಸರು ಬರೆಸದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒರಿಜಿನಲ್ ತೋರಿಸಿ ವಾಪಸ್ ತಗೊಂಡು ಜೆರಾಕ್ಸ್ ಕೊಡಿ. ನಮ್ಮ ಹುಡುಗಿ ಒಂದು ವರ್ಷ ಕಳಕೊಂಡು ಈಗ ಬೇರೆ ಕಾಲೇಜಲ್ಲಿ ಜಿಎನ್‌ಎಂ ಓದ್ತಿದಾಳೆ. ಆ ಏಜೆಂಟ್ ಈ ಸಲವೂ ಊರೂರು ತಿರುಗ್ತಿದಾನೆ ಅಂತ ಕೇಳಿದೆ, ಅದಕ್ಕೇ ಇಷ್ಟು ಬರೆದೆ.