ಅಗುವಾಡ ಕೋಟೆಯ ಹಳೇ ಲೈಟ್‌ಹೌಸ್: ಫೋಟೋ ಹೊಡ್ಕೊಂಡು ವಾಪಸ್ ಬರಬ್ಯಾಡ್ರಿ (5ಕ್ಕ 4)

ಊರಿಂದ ಬೀಗರು ಬಂದ್ರ ಗೋವಾದ ವಾಸ್ಕೋದಾಗಿನ ನಮ್ಮ ಕಡಿ ಮಂದಿ ಕಲಂಗುಟ್, ಬಾಗಾ ತೋರಿಸ್ತಾರ, ಟೈಮ್ ಉಳಿದ್ರ ಅಗುವಾಡಕ್ಕ ಕರ್ಕೊಂಡು ಹೋಗಿ ಆ ಬಿಳೀ ಗೋಪುರದ ಮುಂದ ನಿಂದ್ರಿಸಿ ಫೋಟೋ ಹೊಡೀತಾರ, ಮುಗೀತು. ಅದು ಏನು ಅಂತ ಯಾರೂ ಕೇಳೂದಿಲ್ಲ. 1864ರಾಗ ಕಟ್ಟಿದ ಲೈಟ್‌ಹೌಸ್ ರೀ ಅದು, ನಾಲ್ಕು ಅಂತಸ್ತಿಂದು, ಏಷ್ಯಾದ ಭಾಳ ಹಳೇ ಲೈಟ್‌ಹೌಸ್‌ಗಳಾಗ ಒಂದು. ಎಣ್ಣಿ ದೀಪದಿಂದ ಶುರು ಆಗಿ 1976ರ ತನಕ ಕೆಲಸ ಮಾಡೇತಿ, ಅಂದ್ರ 1961ರಾಗ ಪೋರ್ಚುಗೀಸರು ಹ್ವಾದ ಮ್ಯಾಲೂ 15 ವರ್ಷ!

ನನಗ ಇದರ ಮ್ಯಾಲ ಇಷ್ಟು ಜೀವ ಯಾಕಂದ್ರ ಇದು ನಮ್ಮ ಹೊಳೀ ಬಾಯಿ ಕಾಯ್ದಿದ್ದು. ಖಾನಾಪುರ ತಾಲೂಕಿನ ಭೀಮಗಡ ಕಾಡಿನ್ಯಾಗ ಹುಟ್ಟೋ ಮಹದಾಯಿ ಇಲ್ಲಿ ಮಾಂಡವಿ ಅನಿಸ್ಕೊಂಡು ಸಮುದ್ರ ಸೇರ್ತಾಳ, ಸೇರೋ ಜಾಗದಾಗ ನೀರಿನ ತಳಕ್ಕ ಉಸುಕಿನ ದಿಬ್ಬ ಐತಿ, ಮಳೆಗಾಲದಾಗ ಅದರ ಮ್ಯಾಲ ತೆರಿ ಎದ್ದು ಎದ್ದು ಒಡೀತಾವು, ಅದಿರು ಸಾಗಿಸೋ ಬಾರ್ಜ್ ದೋಣಿಗಳು ಆವಾಗ ಈ ದಾರಿ ಬಿಟ್ಟು ಕುಂಬಾರ್ಜುವಾ ಕಾಲುವಿ ಹಿಡದು ಜುವಾರಿ ಹೊಳಿಗೆ ಇಳದು ಮುರ್ಗಾಂವ್ ಬಂದರಕ್ಕ ಹೋಗ್ತಾವು. ಇಂಜಿನ್ ಇದ್ದೂ ಇಷ್ಟು ತ್ರಾಸು. ಹಾಯಿ ಹಡಗಿನವ್ರು ಕತ್ತಲಾಗ ಪಣಜಿ ಕಡಿ ತಿರುಗಬೇಕಾದ್ರ ಈ ಒಂದು ಬೆಳಕು ಕಂಡಾಗ ಎಷ್ಟು ಸಮಾಧಾನ ಆಗ್ತಿತ್ತೋ ಏನೋ.

ಕೋಟೆ ಇನ್ನೂ ಹಳೇದು, 1612ರದ್ದು, ಡಚ್ಚರ ಭಯಕ್ಕ ಕಟ್ಟಿದ್ದು. ನಡಕ ನೆಲದಾಗ ಸುಮಾರು 23 ಲಕ್ಷ ಗ್ಯಾಲನ್ ಹಿಡಿಯೋ ನೀರಿನ ಟಾಕಿ ಐತಿ, ದೂರದ ಪಯಣದ ಹಡಗುಗಳು ಇಲ್ಲೇ ಸಿಹಿನೀರು ತುಂಬ್ಕೊತಿದ್ವು. ಹಳೇ ಗೋವಾದ ಅಗಸ್ಟೀನಿಯನ್ ಅನ್ನೋ ಕ್ರೈಸ್ತ ಸನ್ಯಾಸಿಗಳ ಮಠದ ದೊಡ್ಡ ಗಂಟಿನೂ ಒಂದಷ್ಟು ವರ್ಷ ಈ ಕೋಟೆಯೊಳಗಿತ್ತು, 1871ರಾಗ ಪಣಜಿ ಚರ್ಚಿಗೆ ಹೋತು. ನೀರು, ಬೆಳಕು, ಗಂಟಿ ಎಲ್ಲಾ ಇದ್ದ ಜಾಗ ಇದು.

ಗೋಪುರ ಜಂಬಿಟ್ಟಿಗೆ ಕಲ್ಲಿಂದು, ಮ್ಯಾಲ ಗಾರೆ. ಈ ಕಲ್ಲು ನೆಲದಿಂದ ತಗದಾಗ ಮೆತ್ತಗ ಇರ್ತೈತಿ, ಕೊಡ್ಲಿಯಿಂದ ಕಡೀಬಹುದು, ಗಾಳಿಗೆ ಬಿದ್ದ ಮ್ಯಾಲ ಗಟ್ಟಿ ಆಗ್ತೈತಿ. ಆದ್ರ ಮೈತುಂಬ ತೂತು, ನೀರು ಹೀರ್ಕೊತೈತಿ, ಅದಕ್ಕ ಸುಣ್ಣದ ಗಾರೆ ಬೇಕ ಬೇಕು, ಸುಣ್ಣ ಒಳಗಿನ ಪಸಿ ಹೊರಗ ಬಿಡ್ತೈತಿ. ಹಳೇ ಕಟ್ಟಡ ಚಂದ ಮಾಡ್ತೀವಿ ಅಂತ ಸಿಮೆಂಟ್ ಬಳದ್ರ ಪಸಿ ಒಳಗ ಕುಂತು ಕಲ್ಲು ಪುಡಿಪುಡಿ ಆಗ್ತೈತಿ. ಇಲ್ಲಿ ಹಂಗ ಯಾವತ್ತೂ ಆಗಬಾರ್ದು ಅನ್ನೋದು ನನ್ನ ಕಳಕಳಿ.

ಒಂದು ಸ್ಟಾರ್ ಯಾಕ ಕಡಿಮಿ ಅಂದ್ರ ಗೋಪುರದ ಬಾಗಲಾ ಮುಚ್ಚಿರ್ತೈತಿ, ಒಳಗಿನ ಸುತ್ತು ಮೆಟ್ಟಲಾ ನೋಡಾಕ ಸಿಗೂದಿಲ್ಲ. ಹತ್ತಿಸೂದು ಬ್ಯಾಡ, ಹಳೇ ಕಟ್ಟಡ, ಮಂದಿ ಭಾರ ತಾಳೂದಿಲ್ಲ ಅನ್ನೂದು ಖರೇನ. ಆದ್ರ ದೀಪ ಹೆಂಗ ಉರೀತಿತ್ತು, ಹೊಳಿಯೊಳಗ ಹಡಗು ಹೆಂಗ ಬರ್ತಿದ್ವು ಅಂತ ಒಂದು ದೊಡ್ಡ ಚಿತ್ರದ ಬೋರ್ಡ್ ಹೊರಗ ಹಾಕಿದ್ರ ಹುಡುಗ್ರು ನಿಂತು ಓದ್ತಾರ.

ಹೋಗೋರಿಗೆ ಹೇಳೂದು ಇಷ್ಟ: ಮುಂಜಾನಿ ಲಗೂನ ಹೋಗ್ರಿ, ಮ್ಯಾಲ ನೆಳ್ಳಿಲ್ಲ, ಮಳೆಗಾಲದಾಗ ಕಲ್ಲು ಜಾರ್ತಾವು, ಹಿರ್ಯಾರ ಕೈ ಹಿಡ್ಕೊಂಡು ನಡೀರಿ. ಕೆಳಗಿನ ಹಳೇ ಜೈಲು ಈಗ ಮ್ಯೂಸಿಯಂ ಆಗೇತಿ, ಗೋವಾ ಬಿಡುಗಡೆಗೆ ಹೋರಾಡಿದ ರಾಮ ಮನೋಹರ ಲೋಹಿಯಾ ಅವರನ್ನ 1946ರಾಗ ಇಲ್ಲೇ ಹಾಕಿದ್ರು, ಅದಕ್ಕ ಬ್ಯಾರೆ ಟೈಮ್ ಇಟ್ಕೊಳ್ರಿ. ಹೊಳಿ ಸಮುದ್ರ ಕೂಡೂದು ಪೂರಾ ಕಾಣಬೇಕಂದ್ರ ದಕ್ಷಿಣ ಕಡಿ ಗ್ವಾಡಿ ಹತ್ರ ಹೋಗ್ರಿ, ಅಲ್ಲಿ ಗದ್ದಲಾನೂ ಕಡಿಮಿ.