ಪಾಯಿಂಟ್ಸ್, ಟ್ರೂ ಶೂಟಿಂಗ್, ಪ್ಲಸ್-ಮೈನಸ್: ಯಾವುದನ್ನು ನೋಡಬೇಕು?

ಬೆಳಿಗ್ಗೆ ಡೊಂಬಿವಲಿ ಲೋಕಲ್‌ನಲ್ಲಿ ನಿಂತು ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಸ್ಕೋರ್ ನೋಡುವಾಗ ಆಟಗಾರನನ್ನು ಯಾವ ಅಂಕಿಯಿಂದ ಅಳೆಯಬೇಕು ಅಂತ ಕೇಳಿದ್ದೀರಿ.

ಅವಸರದಲ್ಲಿದ್ದರೆ ಪಾಯಿಂಟ್ಸ್ ಸಾಕು. ಆದರೆ ಅಷ್ಟು ಗಳಿಸೋಕೆ ಎಷ್ಟು ಶಾಟ್ ಬೇಕಾಯಿತು ಅನ್ನೋದು ಅದರಲ್ಲಿ ಕಾಣುವುದಿಲ್ಲ, ಅಲ್ವಾ? ವಿಲ್ಟ್ ಚೇಂಬರ್ಲೇನ್ 1962ರಲ್ಲಿ 100 ಪಾಯಿಂಟ್ಸ್ ಹೊಡೆದದ್ದು 63 ಶಾಟ್, 32 ಫ್ರೀ ಥ್ರೋಗಳಲ್ಲಿ (ಫೌಲ್ ಆದಾಗ ಸಿಗುವ, ಯಾರೂ ಅಡ್ಡ ಬಾರದ ಎಸೆತ). ಕೋಬಿ ಬ್ರಯಂಟ್ 2006ರಲ್ಲಿ 81 ಹೊಡೆದದ್ದು 46 ಶಾಟ್, 20 ಫ್ರೀ ಥ್ರೋಗಳಲ್ಲಿ. ಇಲ್ಲಿ ಟ್ರೂ ಶೂಟಿಂಗ್ ಬೇಕು, ಅಂದರೆ ಹೊಡೆದ ಪ್ರಯತ್ನಗಳಿಗೆ ಎಷ್ಟು ಪಾಯಿಂಟ್ಸ್ ಬಂತು ಅನ್ನೋ ಅಳತೆ. ಫ್ರೀ ಥ್ರೋವನ್ನು 0.44ರಿಂದ ಗುಣಿಸಿ, ಶಾಟ್‌ಗಳಿಗೆ ಕೂಡಿಸಿ, ಎರಡರಷ್ಟು ಮಾಡಿ, ಪಾಯಿಂಟ್ಸನ್ನು ಅದರಿಂದ ಭಾಗಿಸಿ. ಚೇಂಬರ್ಲೇನ್‌ಗೆ ಸುಮಾರು 65%, ಕೋಬಿಗೆ 74%! ಶೂಟರ್‌ಗಳನ್ನು ಹೋಲಿಸುವುದಕ್ಕೆ ನನಗೆ ಇದೇ ಇಷ್ಟ.

ಡಿಫೆನ್ಸ್, ಸ್ಕ್ರೀನ್ ಹಾಕುವುದು (ಜೊತೆಗಾರನಿಗೆ ದಾರಿಯಾಗಲೆಂದು ಎದುರಾಳಿಗೆ ಅಡ್ಡ ನಿಲ್ಲುವುದು) ಇವೆಲ್ಲ ಲೆಕ್ಕಕ್ಕೆ ಬರಬೇಕಾದರೆ ಪ್ಲಸ್-ಮೈನಸ್ ನೋಡಿ: ಆಟಗಾರ ಅಂಗಳದಲ್ಲಿದ್ದಾಗ ಅವನ ತಂಡ ಹೊಡೆದ ಪಾಯಿಂಟ್ಸ್‌ನಿಂದ ಎದುರಾಳಿ ಹೊಡೆದದ್ದನ್ನು ಕಳೆದರೆ ಬರುವ ಅಂಕಿ. ಆದರೆ ಅದು ಜೊತೆಗೆ ಆಡುವ ನಾಲ್ವರ ಮೇಲೂ ನಿಂತಿದೆ, ಹಾಗಾಗಿ ಒಂದೇ ಮ್ಯಾಚ್ ನೋಡಿ ನಂಬಬೇಡಿ, ಇಡೀ ಸೀಸನ್‌ಗೆ ನೋಡಿ.

ಮುಂಬೈನ ನಾಗಪಾಡಾದಲ್ಲಿ ಮಗನ ಮ್ಯಾಚ್‌ಗೆ ನೀವೇ ಪೆನ್ಸಿಲ್ ಹಿಡಿದು ಕೂರುವುದಾದರೆ ಟ್ರೂ ಶೂಟಿಂಗೇ ಸುಲಭ: ಶಾಟ್‌ಗೊಂದು ಗೀಟು, ಬಿದ್ದರೆ ಅದರ ಪಕ್ಕ 2 ಅಥವಾ 3, ಫ್ರೀ ಥ್ರೋಗೆ ಬೇರೆ ಸಾಲು. ಪ್ಲಸ್-ಮೈನಸ್‌ಗೆ ಆಟಗಾರರು ಬದಲಾದಾಗಲೆಲ್ಲ ಸ್ಕೋರ್ ಬರೆದುಕೊಳ್ಳಬೇಕು, ಜೊತೆಗೆ ಇನ್ನೊಬ್ಬರು ಇದ್ದರೆ ಮಾತ್ರ ಕೈಹಾಕಿ.